ಕೊನೆಯ ಕಳ್ಳನ ಕೈಸನ್ನೆ

ಜೂನ್ 3

ಕೆಳಗಿನವನಿಗೆ,

ನಿನ್ನೆ ಊಟಕ್ಕೆ ಮುಂಚೆ ಒಬ್ಬನನ್ನು ಕೊಂದೆ. ಊಟವಾದ ಮೇಲೆ ಅವನ ಜೊತೆಗಾರರನ್ನೆಲ್ಲ ಮುಗಿಸಿದೆ. ಗಾಬರಿಯಾಗಬೇಡ, ಪೊಲೀಸರು ಬಂದಿಲ್ಲ. ಬಂದರೂ ಮೊದಲು ನನ್ನ ಸೊಸೆಯನ್ನು ಹಿಡಿಯಬೇಕು, ಈ ವಿದ್ಯೆಗೆ ಗುರು ಅವಳೇ.

ಬೆಳಿಗ್ಗೆ ಎದ್ದಾಗ ಬೆರಳು ಮಡಚುವುದಿಲ್ಲ ಎಂದು ಹೋದ ಕಾಗದದಲ್ಲಿ ಗೊಣಗಿದ್ದೆನಲ್ಲ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ಹಿಚುಕುತ್ತಿರಿ ಎಂದರು. ಜೀವಮಾನವಿಡೀ ಕ್ರೇನಿನ ಲಿವರ್ ಹಿಡಿದ ಕೈಗೆ ಚೆಂಡು! ಸಿಟ್ಟು ಬಂದು ಅದನ್ನು ಕಿಟಕಿಯಿಂದಾಚೆ ಎಸೆದೆ. ಸೊಸೆ ನೋಡಿಬಿಟ್ಟಳು. ಅವಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ದಿನವಿಡೀ ಕಂಡವರ ಬಾಯಿಗೆ ದೀಪ ಹಿಡಿದು ನಿಂತು, ಮನೆಗೆ ಬಂದ ಕೂಡಲೇ ಟಿವಿ ಮುಂದೆ ಕೂತು ನಾಲ್ಕಾರು ಗ್ರಹಗಳನ್ನು ಸುಟ್ಟು ಬೂದಿ ಮಾಡಿದ ಮೇಲೇ ಅವಳಿಗೆ ಸಮಾಧಾನ. "ಚೆಂಡು ಬೇಡ ಅಂದ್ರೆ ಇದನ್ನ ಹಿಡ್ಕೊಳ್ಳಿ ಮಾವ," ಎಂದು ಆಟದ ಕಂಟ್ರೋಲರನ್ನು ಕೈಗಿಟ್ಟಳು. ಅದರಲ್ಲಿ ಎರಡು ಪುಟ್ಟ ಲಿವರ್‌ಗಳಿವೆ, ನಮ್ಮ ಕ್ಯಾಬಿನ್ನಿನ ಲಿವರ್‌ಗಳ ಮೊಮ್ಮಕ್ಕಳ ಹಾಗೆ. ನನ್ನ ಕೈ ತಾನಾಗಿಯೇ ಅಲ್ಲಿ ಹೋಗಿ ಕೂತಿತು.

ಆಟದಲ್ಲಿ ನಾನೊಬ್ಬ ಬೇಟೆಗಾರ. ತಲೆಗೆ ಬಹುಮಾನ ಕಟ್ಟಿರುವ ಕಳ್ಳರನ್ನು ಗ್ರಹದಿಂದ ಗ್ರಹಕ್ಕೆ ಅಟ್ಟಿಸಿಕೊಂಡು ಹೋಗುವುದು, ಸಿಕ್ಕಿದಲ್ಲಿ ಸುಡುವುದು. ಮೈಗೆ ಕಬ್ಬಿಣದ ಅಂಗಿ, ತೋಳಿಗೆ ಬಂದೂಕು, ಹಣೆಗೆ ದೀಪ. ನಾನು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ ಸೊಸೆ ಸೋಫಾದ ಮೇಲೆ ಹಾರಾಡುತ್ತಾಳೆ. "ಬಗ್ಗಿ ಮಾವ, ಬಗ್ಗಿ! ಅಯ್ಯೋ, ನೀವಲ್ಲ, ಅವನು ಬಗ್ಗಬೇಕು!" ನಾನು ಸೋಫಾದಲ್ಲೇ ಬಗ್ಗಿರುತ್ತೇನೆ.

ಕೊನೆಯ ಕಳ್ಳ ಅಡಗಿರುವುದು ಎಲ್ಲಿ ಗೊತ್ತೇ? ಯಾವುದೋ ಚಂದ್ರನ ಮೇಲಿನ ಸರಕು ಯಾರ್ಡಿನಲ್ಲಿ! ಕಂಟೇನರ್ ಸಾಲುಗಳು, ಹಳಿ, ಆಕಾಶದೆತ್ತರದ ಕ್ರೇನುಗಳು. ಸೊಸೆ ಆಡಿ ತೋರಿಸಿದಳು. ಒಂದು ಕ್ರೇನಿಗಾದರೂ ಹಿಂದೆ ಭಾರದ ಕಲ್ಲು ಇಲ್ಲ, ಮೊದಲ ಪೆಟ್ಟಿಗೆ ಎತ್ತಿದ ಕೂಡಲೇ ಮಕಾಡೆ ಮಲಗಬೇಕಾದವು. ಕಳ್ಳ ಎದುರಿಗೆ ಬಂದದ್ದೇ ತಡ, ಇವಳು ಸುಟ್ಟೇಬಿಟ್ಟಳು. ಅವನ ಮುಖ ಕೂಡ ನಾನು ಸರಿಯಾಗಿ ನೋಡಲಿಲ್ಲ.

ಒಂದು ಸಂಗತಿ ನೋಡಿ ನಿನ್ನ ನೆನಪಾಯಿತು. ನಿನ್ನ ಕಿವಿ ಪೂರ್ತಿ ಹೋದ ಮೇಲೆ, ನೀನು ಕೆಳಗಿಂದ ಸನ್ನೆ ಕೊಟ್ಟಾಗ ನಾನು ಹಾರ್ನ್ ಬದಲು ಕ್ಯಾಬಿನ್ನಿನ ದೀಪವನ್ನು ಎರಡು ಸಲ ಮಿನುಗಿಸಿ "ಕಂಡೆ" ಎನ್ನುತ್ತಿದ್ದೆನಲ್ಲ? ಈ ಬೇಟೆಗಾರನ ಹಣೆಯ ದೀಪಕ್ಕೂ ಹಾಗೆ ಮಿನುಗಿಸಲು ಒಂದು ಗುಂಡಿ ಇದೆ. ಅದು ಯಾತಕ್ಕೂ ಬರುವುದಿಲ್ಲ ಎಂದಳು ಸೊಸೆ. ದಿನಾ ಬೆಳಿಗ್ಗೆ ನಾನು ಕ್ರೇನಿನ ಏಣಿ ಹತ್ತುವಾಗ ನೀನು ಹೇಳುತ್ತಿದ್ದೆ, "ಮೇಲಿಂದು ನೀನು ನೋಡ್ಕೋ, ಕೆಳಗಿಂದು ನಂಗೆ ಬಿಡು." ಈಗ ಕೆಳಗೆ ನೀನಿಲ್ಲದೆ ಗೋಡೆಗೆ ಗುದ್ದಿಕೊಳ್ಳುತ್ತಿದ್ದೇನೆ. ಬೇಗ ಬರೆ.

ಮೇಲಿನವ


ಜೂನ್ 11

ಮೇಲಿನವನಿಗೆ,

ನಿನ್ನ ಕಾಗದದ ಮೊದಲ ಸಾಲು ಓದಿ ಕೂತವನು ಎದ್ದು ನಿಂತೆ. ನನ್ನ ಮುಖ ನೋಡಿ ಸೈಕಲ್ ಅಂಗಡಿಯವನು ನೀರು ತಂದುಕೊಟ್ಟ. ಯಾರಿಗೆ ಏನಾಯಿತು ಎಂದು ಅವನ ತುಟಿ ಕೇಳಿತು. "ನನ್ನ ಸ್ನೇಹಿತನಿಗೆ ತಲೆ ಕೆಟ್ಟಿದೆ," ಎಂದೆ. ವಯಸ್ಸಾದ ಮೇಲೆ ಬಂದೂಕಿನ ಆಟ! ನಿನ್ನ ಸೊಸೆಗಾದರೂ ಬುದ್ಧಿ ಬೇಡವೇ? ಅವಳಿಗೆ ನನ್ನ ಆಶೀರ್ವಾದ ತಿಳಿಸು, ಚೆನ್ನಾಗಿ ಸುಡುತ್ತಾಳೆ ಎಂದು ಕೇಳಿ ಸಂತೋಷವಾಯಿತು.

ನನ್ನದು ಎಂದಿನಂತೆ. ಸೈಕಲ್ ಅಂಗಡಿಯ ಹಿಂದಿನ ಕೋಣೆ, ಒಂದು ಮಂಚ, ಒಂದು ಸ್ಟವ್. ಬೆಳಿಗ್ಗೆ ಬಂದರಿನ ಶೆಡ್ಡಿಗೆ ಹೋಗುತ್ತೇನೆ. ಭಾರ ಎತ್ತುವ ತಂತಿಹಗ್ಗಗಳನ್ನು ನೋಡಿ ಒಪ್ಪಿಗೆ ಕೊಡುವ ಕೆಲಸ. ಹತ್ತಿಬಟ್ಟೆ ಸುತ್ತಿ ಹಗ್ಗದ ಉದ್ದಕ್ಕೂ ಎಳೆಯುವುದು. ಒಳಗಿನ ಎಳೆ ತುಂಡಾಗಿದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ್ದು ಬಟ್ಟೆಗೆ ಸಿಗುತ್ತದೆ. ಇದಕ್ಕೆ ಕಿವಿ ಬೇಕಿಲ್ಲ, ಮಾತು ಬೇಕಿಲ್ಲ, ನನಗೆ ಹೇಳಿಮಾಡಿಸಿದ್ದು. ಮತ್ತೆ ಮೊಬೈಲ್ ತೆಗೆದುಕೋ ಎಂದು ಪೀಡಿಸಬೇಡ. ನನ್ನ ಹೆಬ್ಬೆರಳು ಇಟ್ಟರೆ ಮೂರು ಅಕ್ಷರ ಒಟ್ಟಿಗೆ ಬೀಳುತ್ತವೆ.

ನಿನ್ನ ಚಂದ್ರನ ಯಾರ್ಡಿನ ಬಗ್ಗೆ ಒಂದು ಪ್ರಶ್ನೆ. ಅಷ್ಟು ಕ್ರೇನುಗಳಿದ್ದರೆ ಕೆಳಗೆ ಸನ್ನೆ ಕೊಡುವವನು ಯಾರು? ಅವನಿಲ್ಲದಿದ್ದರೆ ಅದು ಯಾರ್ಡೇ ಅಲ್ಲ ಎಂದು ಆಟ ಮಾಡಿದವರಿಗೆ ಹೇಳು.

ಇನ್ನೊಂದು ಮಾತು. ಜೂನ್ ಬಂತು. ನನ್ನ ಮಗ ಮನೆ ಬಿಟ್ಟ ತಿಂಗಳು ಎಂದು ನೀನು ಪ್ರತಿ ವರ್ಷ ಅವನ ವಿಷಯ ಎತ್ತುತ್ತೀಯ. ಈ ಸಲ ಎತ್ತಬೇಡ. ಒಂಬತ್ತು ವರ್ಷದಲ್ಲಿ ಒಂದು ಸಾಲು ಬರೆಯದವನು ಇದ್ದಾನೋ ಇಲ್ಲವೋ ಎಂದು ಯೋಚಿಸಿ ಯೋಚಿಸಿ ಸೋತು ಹೋದೆ. ಕೊನೆಗೆ, ಇಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಅಂದಿನಿಂದ ನಿದ್ದೆ ಬರುತ್ತಿದೆ. ಆ ನಿದ್ದೆಗೆ ಕಲ್ಲು ಹಾಕಬೇಡ.

ಕೆಳಗಿನವ


ಜೂನ್ 19

ಕೆಳಗಿನವನಿಗೆ,

ಅಕ್ಷರ ಸೊಟ್ಟಗಿದ್ದರೆ ಬೆರಳಿನ ನೋವು ಎಂದು ತಿಳಿಯಬೇಡ. ಎರಡು ಹಾಳೆ ಹರಿದು ಹಾಕಿ ಇದನ್ನು ಆತುರದಲ್ಲಿ ಬರೆಯುತ್ತಿದ್ದೇನೆ.

ಮೊನ್ನೆ ಮಧ್ಯಾಹ್ನ ಸೊಸೆಗೆ ರಜೆ ಇತ್ತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಕೊನೆಯ ಯಾರ್ಡಿನವರೆಗೆ ಹೋದೆ. ಇದು ಎರಡನೆಯ ಸಲ. ಮೊದಲ ಸಲ ಕಳ್ಳ ಕಂಟೇನರ್ ಹಿಂದಿನಿಂದ ಬಂದಾಗ ಹೆದರಿ ಕಣ್ಣುಮುಚ್ಚಿ ಗುಂಡಿ ಒತ್ತಿಬಿಟ್ಟಿದ್ದೆ, ಅವನು ಸತ್ತಿದ್ದ. ಈ ಸಲ ಕಣ್ಣು ತೆರೆದೇ ಇದ್ದೆ. ಅವನು ಎದುರಿಗೆ ಬಂದು ನಿಂತು ಎರಡೂ ತೋಳು ಪಕ್ಕಕ್ಕೆ ಚಾಚಿ, ಅಂಗೈ ಕೆಳಮುಖ ಮಾಡಿ, ಹಿಂದೆ ಮುಂದೆ ಬೀಸಿದ.

ಅದೇನೆಂದು ನಿನಗೆ ಹೇಳಬೇಕೇ? "ಇದ್ದದ್ದು ಇದ್ದ ಹಾಗೇ ನಿಲ್ಲಿಸು!" ನನ್ನ ಎರಡೂ ಕೈ ಕಂಟ್ರೋಲರಿನಿಂದ ಮೇಲೆದ್ದವು. ಯೋಚಿಸಿ ಎತ್ತಿದ್ದಲ್ಲ. ಆ ಸನ್ನೆಯನ್ನು ಯಾರೇ ಕೊಡಲಿ, ಕಸ ಗುಡಿಸುವವನು ಕೊಡಲಿ, ದಾರಿಹೋಕ ಕೊಡಲಿ, ಮೇಲಿನವನು ಮೊದಲು ನಿಲ್ಲಿಸಬೇಕು, ಆಮೇಲೆ ಯಾಕೆಂದು ಕೇಳಬೇಕು. ಅದು ಮೈಯೊಳಗೆ ಇಳಿದು ಹೋಗಿದೆ. ಸೊಸೆ ಕಿರುಚಿದಳು. "ಮಾವ, ಹೊಡೀರಿ! ಏನ್ ಮಾಡ್ತಿದೀರಾ, ಹೊಡೀರಿ!" ನಾನು ಹೊಡೆಯಲಿಲ್ಲ. ಸಾಯುತ್ತೇನೆ ಎಂದುಕೊಂಡೆ. ಕಳ್ಳನೂ ಹೊಡೆಯಲಿಲ್ಲ. ಹಾಗೇ ನಿಂತ.

ಆಮೇಲೆ ಆದದ್ದನ್ನು ಬರೆಯಲು ಧೈರ್ಯ ಸಾಲುತ್ತಿಲ್ಲ. ನನಗೆ ಒಂದೇ ಉತ್ತರ ಬೇಕು. ನಮ್ಮ ಊಟದ ಸನ್ನೆ ನಿನಗೂ ನನಗೂ ಬಿಟ್ಟು ಯಾರಿಗೆ ಗೊತ್ತಿತ್ತು? ಚೆನ್ನಾಗಿ ನೆನಪು ಮಾಡಿಕೊಂಡು ಬರೆ.

ಮೇಲಿನವ


ಜೂನ್ 27

ಮೇಲಿನವನಿಗೆ,

ಏನಾಗಿದೆ ನಿನಗೆ? ಕುಡಿಯಲು ಶುರು ಮಾಡಿದ್ದೀಯಾ, ಅಥವಾ ಆ ಪೆಟ್ಟಿಗೆಯ ಬೆಳಕಿಗೆ ಕಣ್ಣು ಕೆಟ್ಟಿದೆಯಾ?

ಊಟದ ಸನ್ನೆ ಯಾರಿಗೆ ಗೊತ್ತು ಎಂದು ನನ್ನನ್ನೇ ಕೇಳುತ್ತೀಯಲ್ಲ. ಹೆಲ್ಮೆಟ್ಟಿಗೆ ಮುಷ್ಟಿಯಿಂದ ಎರಡು ಗುದ್ದು, ಆಮೇಲೆ ಅಂಗೈ ತೆರೆದು ಅದರ ಮೇಲೆ ಉಫ್ ಎಂದು ಊದುವುದು. ಅದು ಯಾವ ಪುಸ್ತಕದಲ್ಲೂ ಇಲ್ಲ. ಊಟಕ್ಕೆ ಕೂರುವ ಮುಂಚೆ ಅಂಗೈಯ ಧೂಳು ಊದುವ ನನ್ನ ಚಾಳಿಯನ್ನು ನೀನು ಮೇಲಿನಿಂದ ಅಣಕಿಸಿ ಅಣಕಿಸಿ ಅದು ಸನ್ನೆಯಾಯಿತು. "ಊಟಕ್ಕೆ ಇಳಿದು ಬಾ" ಎಂದು. ನಿನಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಮೂರನೆಯವನೊಬ್ಬನಿದ್ದ. ಅವನ ಹೆಸರೆತ್ತಬೇಡ ಎಂದಿದ್ದೆ.

ಈಗ ನನಗೆ ಅನುಮಾನ ಬರುತ್ತಿದೆ. ಆ ಆಟದವರು ಯಾರಾದರೂ ನಿನ್ನ ಹತ್ತಿರ ಬಂದು ಯಾರ್ಡಿನ ಕೆಲಸದ ಬಗ್ಗೆ ಕೇಳಿದ್ದರೇ? ನೀನು ನಾಲಿಗೆ ಸಡಿಲ ಬಿಟ್ಟು ನಮ್ಮ ಸನ್ನೆಯನ್ನು ಅವರಿಗೆ ಕೊಟ್ಟು, ಈಗ ತಪ್ಪಿತಸ್ಥನ ಹಾಗೆ ಸುತ್ತಿ ಬಳಸಿ ಬರೆಯುತ್ತಿದ್ದೀಯಾ? ಕೊಟ್ಟಿದ್ದರೆ ಕೊಟ್ಟೆ ಎಂದು ಹೇಳು. ನನ್ನ ಹತ್ತಿರ ಉಳಿದಿದ್ದೇ ಅಂಥವು ನಾಲ್ಕು ಸಂಗತಿ, ಅದನ್ನೂ ಅಂಗಡಿಯಲ್ಲಿಟ್ಟರೆ ನನಗೆ ನೋವಾಗುತ್ತದೆ.

ಏನು ಕಂಡೆ ನೇರವಾಗಿ ಬರೆ. ನಾನು ಹೆಂಗಸರ ಹಾಗೆ ಅಳುವವನಲ್ಲ ಎಂದು ಬರೆಯಲು ಹೊರಟಿದ್ದೆ. ನಿನ್ನ ಸೊಸೆ ಓದಿದರೆ ಸುಟ್ಟುಬಿಟ್ಟಾಳು. ಅಳುವವನಲ್ಲ, ಅಷ್ಟೇ.

ಕೆಳಗಿನವ


ಜುಲೈ 4

ಕೆಳಗಿನವನಿಗೆ,

ಮೊದಲು ಮಂಚದ ಮೇಲೆ ಕೂತುಕೋ. ಸೈಕಲ್ ಅಂಗಡಿಯವನನ್ನು ಹತ್ತಿರ ಕರೆದುಕೋ.

ಸನ್ನೆಯನ್ನು ನಾನು ಯಾರಿಗೂ ಕೊಟ್ಟಿಲ್ಲ. ಕೈ ಎತ್ತಿದ ಮೇಲೆ ಏನಾಯಿತು ಎಂದು ಹೇಳುತ್ತೇನೆ. ಕಳ್ಳ ತೋಳು ಚಾಚಿಕೊಂಡೇ ನಿಂತಿದ್ದ. ಯಾಕೋ ನನಗೆ ಆ ದೀಪದ ಗುಂಡಿ ನೆನಪಾಯಿತು. ಸನ್ನೆ ಕಂಡರೆ "ಕಂಡೆ" ಎನ್ನಬೇಕಲ್ಲ? ಎರಡು ಸಲ ಮಿನುಗಿಸಿದೆ. ಕಳ್ಳ ತೋಳು ಇಳಿಸಿದ. ತನ್ನ ಹೆಲ್ಮೆಟ್ಟಿಗೆ ಮುಷ್ಟಿಯಿಂದ ಎರಡು ಸಲ ಗುದ್ದಿದ. ಅಂಗೈ ತೆರೆದು ಊದಿದ.

ಸೊಸೆ ಬಾಯಿ ತೆರೆದು ನೋಡುತ್ತಿದ್ದಳು. "ಇದು ಆಟದಲ್ಲಿ ಇಲ್ವೇ ಇಲ್ಲ ಮಾವ. ನಾನು ಎಷ್ಟು ಸಲ ಆಡಿದೀನಿ! ಇದು ಎಲ್ಲಿಂದ ಬಂತು?" ಎಂದಳು. ಕಂಟ್ರೋಲರ್ ಕೆಳಗಿಟ್ಟು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ.

ಮತ್ತೆ ಬಂದು ಮೊದಲಿನಿಂದ ಆಡಿ ನೋಡಿದೆ. ಈ ಸಲ ಅವನ ತೋಳನ್ನೇ ನೋಡುತ್ತಿದ್ದೆ. ಬಲತೋಳು ಚಾಚಿದಾಗ ನೆಟ್ಟಗಿತ್ತು. ಎಡ ಮೊಣಕೈ ನೆಟ್ಟಗಾಗಲಿಲ್ಲ. ಹುಡುಗ ನಮ್ಮ ಮೆಟ್ಟಿಲಿನಿಂದ ಉರುಳಿ ಬಿದ್ದಾಗ ಮುರಿದು ಸೊಟ್ಟಗೆ ಕೂಡಿಕೊಂಡಿತಲ್ಲ, ಅದೇ ಮೊಣಕೈ. ಆಸ್ಪತ್ರೆಗೆ ಅವನನ್ನು ಹೊತ್ತುಕೊಂಡು ಓಡಿದವನು ನಾನು. ನನಗೆ ಮರೆಯುತ್ತದೆಯೇ?

ಸೊಸೆ ವಿವರಿಸಿದಳು. ಇಂಥ ಆಟಗಳಲ್ಲಿ ಗೊಂಬೆಗಳ ಓಡಾಟವನ್ನು ಸುಮ್ಮನೆ ಬರೆಯುವುದಿಲ್ಲವಂತೆ. ನಿಜವಾದ ಮನುಷ್ಯನಿಗೆ ಮೈತುಂಬ ಚುಕ್ಕೆ ಅಂಟಿಸಿದ ಬಟ್ಟೆ ತೊಡಿಸಿ, ಅವನು ಓಡಿದ್ದು, ಬಿದ್ದದ್ದು, ಕೈ ಬೀಸಿದ್ದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದು ಗೊಂಬೆಗೆ ಕೊಡುತ್ತಾರಂತೆ. ಮುಖ ಬೇರೆ ಯಾರದ್ದೋ. ಮೈ ನಿನ್ನ ಮಗನದು. ಆಟ ಬಂದಿರುವುದು ಹೋದ ವರ್ಷ.

ಅವನು ಮನೆ ಬಿಟ್ಟ ಆ ದಿನ ಮೇಲಿನಿಂದ ಎಲ್ಲ ನೋಡಿದವನು ನಾನು. ದೊಡ್ಡ ಸಾಹೇಬರು ಯಾರ್ಡ್ ನೋಡಲು ಬಂದಿದ್ದರು. ಭಾರ ಗಾಳಿಯಲ್ಲಿತ್ತು. ನಿನ್ನ ಪಕ್ಕದಲ್ಲಿ ಸನ್ನೆ ಕೆಲಸ ಕಲಿಯುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ತೋಳು ಚಾಚಿ ಬೀಸಿದ, ನಾನು ನಿಲ್ಲಿಸಿದೆ, ಇಡೀ ಯಾರ್ಡ್ ನಿಂತಿತು. ಹಗ್ಗ ಸರಿಯಿಲ್ಲ ಎಂದು ಅವನು ಬಾಯಿಬಿಡುವ ಮೊದಲೇ ನೀನು ಎಲ್ಲರೆದುರು ಅವನ ಕೆನ್ನೆಗೆ ಹೊಡೆದೆ. ಹಗ್ಗದ ಒಳಗಿನ ಎಳೆಗಳು ತುಂಡಾಗಿದ್ದವೆಂದು ಮರುದಿನ ಯಾರ್ಡಿಗೆಲ್ಲ ಗೊತ್ತಾಯಿತು. ಅಷ್ಟರಲ್ಲಿ ಹುಡುಗ ಇರಲಿಲ್ಲ. ಇದನ್ನು ಚುಚ್ಚಲು ಬರೆಯುತ್ತಿಲ್ಲ. ಅವನು ಇಂದಿಗೂ ಅದೇ ಸನ್ನೆ ಕೊಡುತ್ತಾ ನಿಂತಿದ್ದಾನೆ ಎಂದು ಹೇಳುತ್ತಿದ್ದೇನೆ.

ನಿನ್ನ ಮಗ ಇದ್ದಾನೆ ಕಣೋ. ನಿದ್ದೆ ಕೆಡಿಸಿದ್ದಕ್ಕೆ ನನ್ನ ಮೇಲೆ ಸಿಟ್ಟು ಮಾಡಿಕೊಂಡರೂ ಸರಿ. ಅವನನ್ನು ನಾನು ಒಂದು ಸಲ, ಸೊಸೆ ಲೆಕ್ಕವಿಲ್ಲದಷ್ಟು ಸಲ ಸುಟ್ಟಿದ್ದೇವೆ ಎಂದು ನೆನೆದರೆ ಊಟ ಸೇರುತ್ತಿಲ್ಲ.

ಮೇಲಿನವ


ಜುಲೈ 17

ಕೆಳಗಿನವನಿಗೆ,

ಕಾಗದ ತಲುಪಿತೋ ಇಲ್ಲವೋ? ಒಂದು ಸಾಲಾದರೂ ಬರೆ. ಬೈದಾದರೂ ಬರೆ.

ಮೇಲಿನವ


ಜುಲೈ 30

ಮೇಲಿನವನಿಗೆ,

ನಾನು ಅವನನ್ನು ಕೊಂದೆ.

ನಿನ್ನ ಕಾಗದ ಓದಿ ನಾಲ್ಕು ದಿನ ಕೆಲಸಕ್ಕೆ ಹೋಗಲಿಲ್ಲ. ಮೊದಲು ನಂಬಲಿಲ್ಲ. ಆಮೇಲೆ ನಂಬಿದೆ, ನಂಬಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಕೊನೆಗೆ ಸೈಕಲ್ ಅಂಗಡಿಯವನಿಗೆ ವಿಷಯ ಹೇಳಿದೆ. ಅವನು ಅಂಗಡಿ ಮುಚ್ಚಿ ನನ್ನನ್ನು ಮಾರುಕಟ್ಟೆಯ ನೆಲಮಾಳಿಗೆಗೆ ಕರೆದುಕೊಂಡು ಹೋದ. ಅಲ್ಲಿ ಇಂಥ ಆಟಗಳ ಅಂಗಡಿ ಇದೆ. ಸಾಲಾಗಿ ಟಿವಿಗಳು, ಕಾಲೇಜು ಹುಡುಗರು. ಸೈಕಲ್ ಅಂಗಡಿಯವನು ಏನು ಹೇಳಿದನೋ, ಹುಡುಗರು ನನಗೆ ಜಾಗ ಬಿಟ್ಟು, ಆ ಚಂದ್ರನ ಯಾರ್ಡಿನವರೆಗೆ ತಾವೇ ಆಡಿ ಕೊಟ್ಟರು. ಕಂಟ್ರೋಲರ್ ನನ್ನ ಕೈಗೆ ಬಂತು. ದೀಪದ ಗುಂಡಿ ಯಾವುದು ಎಂದು ತೋರಿಸಿಕೊಂಡೆ. ಎಲ್ಲ ನೀನು ಬರೆದ ಹಾಗೆಯೇ ಮಾಡಬೇಕು ಎಂದುಕೊಂಡಿದ್ದೆ.

ಅವನು ಕಂಟೇನರ್ ಹಿಂದಿನಿಂದ ಬಂದ. ಸನ್ನೆ ಕೊಡುವವರೆಗೆ ಕಾಯಬೇಕಾಗಿರಲಿಲ್ಲ, ನಡಿಗೆಯಲ್ಲೇ ಗೊತ್ತಾಯಿತು. ಎಡಗಾಲು ಊರುವಾಗ ಭುಜ ಸ್ವಲ್ಪ ಜಗ್ಗುತ್ತದೆ, ಅವನ ತಾಯಿಯದೂ ಹಾಗೇ ಇತ್ತು. ಅವನು ತೋಳು ಚಾಚಿ ಬೀಸಿದ.

ನೀನು ಮೇಲಿನವನು. ಆ ಸನ್ನೆ ಕಂಡರೆ ನೀನು ಲಿವರಿನಿಂದ ಕೈ ತೆಗೆಯುತ್ತೀಯ. ಕೆಳಗಿನವನ ಕೆಲಸ ಬೇರೆ. ಒಬ್ಬ "ನಿಲ್ಲಿಸು" ಎಂದರೆ ಇನ್ನೊಬ್ಬ ಸನ್ನೆಗಾರ ತಾನೂ ತೋಳು ಚಾಚಿ ಅದನ್ನೇ ಬೀಸಿ ಮುಂದಕ್ಕೆ ದಾಟಿಸಬೇಕು. ಆ ದಿನ ನಾನು ದಾಟಿಸಲಿಲ್ಲ, ಹೊಡೆದೆ. ಈ ಸಲ ನನ್ನ ಎರಡೂ ತೋಳು ತಾವಾಗಿಯೇ ಮೇಲೆದ್ದವು. ಆ ನೆಲಮಾಳಿಗೆಯಲ್ಲಿ, ಅಷ್ಟು ಹುಡುಗರ ಮಧ್ಯೆ, ಟಿವಿಯ ಮುಂದೆ ನಿಂತು ತೋಳು ಬೀಸಿದೆ. ಆ ಪೆಟ್ಟಿಗೆಗೆ ನಾನು ಕಾಣುವುದಿಲ್ಲ ಎಂಬುದೇ ಮರೆತು ಹೋಗಿತ್ತು. ಕಂಟ್ರೋಲರ್ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಿದ್ದ ಏಟಿಗೆ ಬಂದೂಕಿನ ಗುಂಡಿ ಒತ್ತಿಹೋಯಿತು.

ಅವನು ತೋಳು ಚಾಚಿಕೊಂಡೇ ಬಿದ್ದ.

ಹುಡುಗರು ಚಪ್ಪಾಳೆ ತಟ್ಟಿದರು. ಒಬ್ಬ ನನ್ನ ಬೆನ್ನು ತಟ್ಟಿದ. "ಸೂಪರ್ ಅಂಕಲ್" ಎಂದು ಅವನ ತುಟಿ ಹೇಳಿದ್ದು ನನಗೆ ಕಂಡಿತು. ನಾನು ಅಲ್ಲೇ ಕುಸಿದು ಕೂತೆ. ಅಳುವವನಲ್ಲ ಎಂದು ಬರೆದಿದ್ದೆನಲ್ಲ, ಅದನ್ನು ಹೊಡೆದು ಹಾಕು.

ಹುಡುಗರು ಪಾಪ, ಇನ್ನೊಮ್ಮೆ ಹಾಕಿಕೊಡುತ್ತೇವೆ ಎಂದರು. ನಾನು ಬೇಡ ಎಂದೆ. ಇನ್ನೊಂದು ವಿಷಯವೂ ಇದೆ. ಸನ್ನೆಗಾರ ಯಾವತ್ತೂ ಮುಖ ಮಾಡಿ ನಿಲ್ಲುವುದು ಕ್ರೇನಿನ ಕಡೆಗೆ. ಅವನು ಆಟದಲ್ಲಿ ಊಟಕ್ಕೆ ಕರೆದದ್ದು ಮೇಲಿನವನನ್ನು. ನಿನ್ನನ್ನು. ನನ್ನನ್ನಲ್ಲ. ಅದು ನ್ಯಾಯವೇ. ಇನ್ನು ಈ ವಿಷಯ ಬರೆಯಬೇಡ.

ಕೆಳಗಿನವ


ಆಗಸ್ಟ್ 5

ಕೆಳಗಿನವನಿಗೆ,

ಬರೆಯಬೇಡ ಎಂದರೂ ಬರೆಯುತ್ತೇನೆ, ಏನು ಮಾಡುತ್ತೀಯೋ ಮಾಡು.

ನಿನ್ನ ಕಾಗದವನ್ನು ಸೊಸೆ ಓದಿ ಹೇಳಿದಳು, ನನ್ನ ಕನ್ನಡಕ ಮಂಜಾಗಿತ್ತು. ನೀನು ಕೊಂದದ್ದು ಗೊಂಬೆಯನ್ನು. ಆಟ ಮತ್ತೆ ಹಾಕಿದರೆ ಅವನು ಎದ್ದು ಬರುತ್ತಾನೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೋ.

ಕೊನೆಯಲ್ಲಿ ನೀನು ಬರೆದದ್ದು ನನ್ನನ್ನು ಕೊರೆಯಿತು. ಊಟಕ್ಕೆ ನನ್ನನ್ನು ಮಾತ್ರ ಕರೆದನೇ? ಮತ್ತೆ ಆಡಲು ಕೂತೆ. ಆಗ ಹೊಳೆಯಿತು, ಮೊದಲ ದಿನ ಗಾಬರಿಯಲ್ಲಿ ನಾನು ತಪ್ಪು ಮಾಡಿದ್ದೆ. ಪ್ರತಿ ಸನ್ನೆಗೂ "ಕಂಡೆ" ಎನ್ನಬೇಕು ತಾನೇ? "ನಿಲ್ಲಿಸು" ಎಂಬುದಕ್ಕೆ ದೀಪ ಮಿನುಗಿಸಿದ್ದೆ. ಊಟದ ಸನ್ನೆಗೆ ಮಿನುಗಿಸಿರಲಿಲ್ಲ. ಈ ಸಲ ಅದಕ್ಕೂ ಎರಡು ಸಲ ಮಿನುಗಿಸಿ ಕಾದೆ.

ಅವನು ಬಲಗೈಯನ್ನು ಬಟ್ಟಲಿನ ಹಾಗೆ ಮಾಡಿ ಕಿವಿಗೆ ಹಿಡಿದ.

ಯಾರ್ಡಿನಲ್ಲಿ ಕಿವಿಗೆ ಕೈ ಹಿಡಿದರೆ ಯಾರು? ನಿನ್ನ ಹೆಸರು ಕಣಯ್ಯಾ! ನಿನ್ನ ಕಿವಿ ಮಂದವಾದಾಗ ನಾನೂ ಹುಡುಗನೂ ಸೇರಿ ನಿನಗಿಟ್ಟ ಹೆಸರು. ಅದಾದ ಮೇಲೆ ಅಂಗೈ ತೆರೆದು ಊದಿದ. ಆಮೇಲೆ ಕೈ ಹಾಗೇ ಚಾಚಿ ನಿಂತ, ಉತ್ತರ ಬೇಕು ಎನ್ನುವವನ ಹಾಗೆ. "ಅಪ್ಪನ ಊಟ ಆಯ್ತಾ?" ಎಂದು ಕೇಳುತ್ತಿದ್ದಾನೆ. ನಾನು ಎಷ್ಟು ಮಿನುಗಿಸಿದರೂ ಅವನು ಕದಲಲಿಲ್ಲ. ಅದಕ್ಕೆ ಉತ್ತರ ಆಟದಲ್ಲಿಲ್ಲ.

ಮೇಲಿನವ


ಆಗಸ್ಟ್ 19

ಕೆಳಗಿನವನಿಗೆ,

ಈ ಕಾಗದವನ್ನು ನಿಮ್ಮೂರಿನ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೇವೆ, ಇವತ್ತೇ ನಿನಗೆ ಮುಟ್ಟುತ್ತದೆ. ಓದಿದ ಕೂಡಲೇ ಹೊರಡು.

ಬೆಳಿಗ್ಗೆ ಬೀದಿಯಲ್ಲಿ ಹಾರ್ನುಗಳ ಗಲಾಟೆ ಕೇಳಿತು. ಬಾಲ್ಕನಿಗೆ ಬಂದು ಬಗ್ಗಿ ನೋಡಿದೆ. ನೀರಿನ ಟ್ಯಾಂಕರ್ ನಿಂತಿತ್ತು, ಅದರ ಹಿಂದೆ ಸ್ಕೂಟರುಗಳು. ನಟ್ಟನಡುವೆ ಒಬ್ಬ ಗಡ್ಡದವನು ಎರಡೂ ತೋಳು ಚಾಚಿಕೊಂಡು ಮೇಲಕ್ಕೆ, ನಮ್ಮ ಮೂರನೆಯ ಮಹಡಿಯ ಕಡೆಗೆ ನೋಡುತ್ತಾ ನಿಂತಿದ್ದ. ಎಡ ಮೊಣಕೈ ಸೊಟ್ಟಗಿತ್ತು.

ಕಂಬಿ ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದೆ. ಅವನು ನನ್ನನ್ನು ಕಂಡ. ಊಟದ ಸನ್ನೆ ಮಾಡಲಿಲ್ಲ. ಕೈ ಕಿವಿಗೆ ಹಿಡಿದ. ಆಮೇಲೆ ಎರಡೂ ಅಂಗೈ ಮೇಲೆ ಮಾಡಿ ಚಾಚಿದ. ನಿನ್ನ ಬಗ್ಗೆ ಕೇಳುತ್ತಿದ್ದ. ಊಟ ಆಯಿತೇ ಎಂದಲ್ಲ, ಇದ್ದಾರಾ ಎಂದು. ನೀನು ಅವನನ್ನು ಇಲ್ಲ ಎಂದುಕೊಂಡ ಹಾಗೆ ಅವನೂ ನಿನ್ನನ್ನು ಇಲ್ಲ ಎಂದುಕೊಂಡಿದ್ದಾನೆ ಎಂದು ನನಗೆ ಆಗಲೇ ತಿಳಿದದ್ದು. ನನಗೆ ಸನ್ನೆ ಕೊಟ್ಟು ಅಭ್ಯಾಸವೇ ಇಲ್ಲ, ಕೈ ಯಾವತ್ತೂ ಲಿವರಿನ ಮೇಲೆ. ಇದ್ದಾನೆ ಎನ್ನಲು ಗೋಡೆ ತಡಕಾಡಿ ಬಾಲ್ಕನಿಯ ದೀಪವನ್ನು ಎರಡು ಸಲ ಹಾಕಿ ಆರಿಸಿದೆ. ಅವನು ಅಲ್ಲೇ ರಸ್ತೆಯ ಮಧ್ಯೆ ಕೂತುಬಿಟ್ಟ. ಟ್ಯಾಂಕರಿನವನು ಇಳಿದು ಬೈಯಲು ಬಂದವನು, ಇವನ ಮುಖ ನೋಡಿ ತೋಳು ಹಿಡಿದು ಎಬ್ಬಿಸಿ ಮೆಟ್ಟಿಲವರೆಗೆ ಕರೆತಂದ.

ಇದೆಲ್ಲ ಸೊಸೆಯ ಕಿತಾಪತಿ. ನನಗೆ ಹೇಳದೆ ಆಟದ ಕಂಪನಿಗೆ ಬರೆದಿದ್ದಾಳೆ: ನಿಮ್ಮ ಕೊನೆಯ ಕಳ್ಳನಿಗೆ ತಿಳಿಸಿ, ಮೇಲಿನವರು ನಿಲ್ಲಿಸಿದರು, ಎರಡು ಸಲ ದೀಪ ಮಿನುಗಿಸಿದರು ಎಂದು. ಊರು, ಹೆಸರು ಏನೂ ಬರೆದಿರಲಿಲ್ಲ. ಅವನಿಗೆ ಅಷ್ಟೇ ಸಾಕಾಯಿತು.

ಈಗ ಒಳಗೆ ಕೂತಿದ್ದಾನೆ. ಆಟದವರಿಗೆ ಮೈ ಕುಣಿಸಿ ಬದುಕುತ್ತಿದ್ದಾನಂತೆ. ಆ ಸನ್ನೆಗಳನ್ನು ಜೊತೆಯವರ ಕೈಕಾಲು ಹಿಡಿದು ಸೇರಿಸಿದನಂತೆ. "ಕಾಗದ ಬರೆಯೋಣ ಅಂತ ಪೆನ್ನು ಹಿಡಿದಾಗಲೆಲ್ಲ ಕೆನ್ನೆ ಉರೀತಿತ್ತು ದೊಡ್ಡಪ್ಪ," ಎಂದ. "ಆಮೇಲೆ ಉರಿ ಹೋಯ್ತು, ನಾಚಿಕೆ ಬಂತು. ಹೋದ ವರ್ಷ ನಾವಿದ್ದ ಕ್ವಾರ್ಟರ್ಸ್ ಹತ್ರ ಬಂದೆ. ಒಡೆದು ಹಾಕಿದ್ರು. ಅಪ್ಪ ಇದಾರಾ ಅಂತ ಯಾರನ್ನೂ ಕೇಳೋಕೆ ಧೈರ್ಯ ಬರ್ಲಿಲ್ಲ. ನಿಮ್ಮ ಮನೆ ಮುಂದಿನಿಂದಲೇ ವಾಪಸ್ ಹೋದೆ." ಆಮೇಲೆ ಹೇಳಿದ, "ಅಷ್ಟು ಜನ ಆಟ ಆಡಿದ್ರು. ನಿಲ್ಲಿಸು ಅಂತ ಕೈ ಬೀಸ್ತಾನೇ ಇದ್ದೆ. ಎಲ್ಲರೂ ಹೊಡೆದ್ರು. ನಿಮ್ಮನ್ನ ಬಿಟ್ರೆ ಒಬ್ರೂ ನಿಲ್ಲಿಸ್ಲಿಲ್ಲ."

ಸೊಸೆ ತಟ್ಟೆ ಇಟ್ಟಿದ್ದಾಳೆ. ಅಪ್ಪ ಬರಲಿ ಎಂದು ಅವನು ತಿನ್ನುತ್ತಿಲ್ಲ. ಬೇಗ ಬಾ.

ಮೇಲಿನವ


ಆಗಸ್ಟ್ 19, ಸಂಜೆ

ಮೇಲಿನವನಿಗೆ,

ಇದನ್ನು ಅದೇ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಜೊತೆ ನಾನೇ ಬಸ್ ಹತ್ತಬಹುದಿತ್ತು. ನಾಳೆ ಬೆಳಿಗ್ಗೆ ಭಾರ ಎತ್ತುವವರಿದ್ದಾರೆ, ಅರ್ಧ ನೋಡಿದ ಹಗ್ಗ ಶೆಡ್ಡಿನಲ್ಲಿದೆ, ಬಟ್ಟೆ ಎಳೆದು ಮುಗಿಸದೆ ಬಿಟ್ಟು ಬರಲಾರೆ. ಇದು ನಿಜ. ಅವನ ಮುಂದೆ ನಿಲ್ಲಲು ಹೆದರಿಕೆ, ಅದೂ ನಿಜ. ಸೈಕಲ್ ಅಂಗಡಿಯವನು ನನ್ನ ಪೆಟ್ಟಿಗೆ ತುಂಬಿಸುತ್ತಿದ್ದಾನೆ.

ನಾಳೆ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಮೇಲಿನದು ನೀನು ನೋಡಿಕೋ. ಕೆಳಗಿನದು ನನಗೆ ಬಿಡು, ಮೆಟ್ಟಿಲ ಹತ್ತಿರ ನಾನೇ ನಿಂತು ಅವನನ್ನು ಕರೆಯುತ್ತೇನೆ.

ನಿನ್ನನ್ನು ಬಿಟ್ಟರೆ ಯಾರೂ ನಿಲ್ಲಿಸಲಿಲ್ಲ ಎಂದನಲ್ಲ. ಅವನಿಗೆ ಒಂದು ಮಾತು ಹೇಳಿಬಿಡು. ಈ ಸಲ ಅವನ ಸನ್ನೆ ಕಂಡು ಅಪ್ಪ ಕೈ ಎತ್ತಿದ, ಎರಡೂ ಕೈ.

ಊಟಕ್ಕೆ ಕಾಯಿರಿ.

ಕೆಳಗಿನವ